‘ಸ್ಟ್ರೀಟ್ ಶಾರ್ಕ್ಸ್’ ವೀರರಲ್ಲಿ ನಿಜವಾದ ಶಾರ್ಕ್ ಎಷ್ಟಿದೆ?

ಪ್ರಶ್ನೆ (ತೆರೆನೊರೆ):
ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ‘ಸ್ಟ್ರೀಟ್ ಶಾರ್ಕ್ಸ್’ ಅನಿಮೇಷನ್ ಸರಣಿಯನ್ನು ನನ್ನ ಮಗಳು ಬಹಳ ಇಷ್ಟಪಟ್ಟು ನೋಡುತ್ತಿದ್ದಾಳೆ. ಡಾಕ್ಟರ್ ಪ್ಯಾರಡೈಮ್ ಎಂಬ ದುಷ್ಟ ವಿಜ್ಞಾನಿ ಬೋಲ್ಟನ್ ಕುಟುಂಬದ ನಾಲ್ವರು ಸಹೋದರರನ್ನು ಅರೆಮಾನವ ಶಾರ್ಕ್‌ಗಳನ್ನಾಗಿ ಮಾಡುತ್ತಾನೆ. ಅವರು ಅವನ ವಿರುದ್ಧವೇ ನಿಂತು ಫಿಷನ್ ನಗರವನ್ನು ಕಾಯುತ್ತಾರೆ. ರಿಪ್‌ಸ್ಟರ್ ದೊಡ್ಡ ಬಿಳಿ ಶಾರ್ಕ್, ಜ್ಯಾಬ್ ಸುತ್ತಿಗೆ ತಲೆಯ ಶಾರ್ಕ್, ಸ್ಟ್ರೀಕ್ಸ್ ಹುಲಿ ಶಾರ್ಕ್, ಬಿಗ್ ಸ್ಲಾಮು ತಿಮಿಂಗಿಲ ಶಾರ್ಕ್. ಇವರು ತೋರುವ ಶಕ್ತಿಗಳು ಕಡಲಿನ ಆಯಾ ಮೀನಿಗೆ ನಿಜಕ್ಕೂ ಇವೆಯೇ? ಮಗಳಿಗೆ ಸರಿಯಾದ ಉತ್ತರ ಕೊಡಬೇಕೆಂಬ ಆಸೆ ನನ್ನದು.

ಉತ್ತರ (ಹವಳದಿಬ್ಬ):
ಹೊರರೂಪದಲ್ಲಿ ಹೊಂದಿಕೆ ಇದೆ, ಬದುಕುವ ರೀತಿಯಲ್ಲಿ ಕಡಿಮೆ. ಜ್ಯಾಬ್ ತನ್ನ ತಲೆಯಿಂದ ಎದುರಿಗೆ ಬಂದದ್ದನ್ನೆಲ್ಲ ಗುದ್ದಿ ಕೆಡಹುತ್ತಾನೆ. ಆದರೆ ಸುತ್ತಿಗೆ ತಲೆಯ ಶಾರ್ಕ್‌ಗೆ ಆ ಅಗಲವಾದ ತಲೆ ಮುಖ್ಯವಾಗಿ ಒಂದು ಇಂದ್ರಿಯ: ಮರಳಿನಡಿ ಅಡಗಿರುವ ಬೇಟೆಯ ದೇಹದಿಂದ ಹೊಮ್ಮುವ ಕ್ಷೀಣ ವಿದ್ಯುತ್ತನ್ನು ಗ್ರಹಿಸುವ ಸೂಕ್ಷ್ಮ ರಂಧ್ರಗಳು ಅದರ ತುಂಬ ಹರಡಿಕೊಂಡಿವೆ, ಎರಡು ತುದಿಗಳಲ್ಲಿರುವ ಕಣ್ಣುಗಳಿಂದ ನೋಟದ ವ್ಯಾಪ್ತಿಯೂ ಹಿಗ್ಗುತ್ತದೆ. ಹಾಗೆಂದು ಸರಣಿಯ ಕಲ್ಪನೆ ಪೂರ್ತಿ ಸುಳ್ಳಲ್ಲ. ಈ ಗುಂಪಿನ ಅತಿ ದೊಡ್ಡ ಜಾತಿಯ ಶಾರ್ಕ್‌ಗಳು ತೊರಕೆ ಮೀನನ್ನು ತಲೆಯಿಂದಲೇ ಕಡಲ ತಳಕ್ಕೆ ಒತ್ತಿ ಹಿಡಿಯುವುದನ್ನು ಸಂಶೋಧಕರು ಕಂಡಿದ್ದಾರೆ.

ನನಗೆ ಬೇಸರವಾಗುವುದು ಸ್ಲಾಮುವಿನ ವಿಷಯದಲ್ಲಿ. ತಿಮಿಂಗಿಲ ಶಾರ್ಕ್ ಜಗತ್ತಿನ ಅತಿ ದೊಡ್ಡ ಮೀನು, 18 ಮೀಟರ್‌ವರೆಗೂ ಬೆಳೆಯಬಲ್ಲದು. ಆದರೂ ಅದು ನೀರನ್ನು ಸೋಸಿ ಪ್ಲವಕಗಳನ್ನೂ ಸಣ್ಣ ಮೀನುಗಳನ್ನೂ ತಿಂದು ಬದುಕುವ ಸಾಧು ಜೀವಿ. ಅಷ್ಟು ಸೊಗಸಾದ ಪ್ರಾಣಿಯನ್ನು ನೆಲಕ್ಕೆ ಮುಷ್ಟಿಯಿಂದ ಗುದ್ದುವ ಮಲ್ಲನನ್ನಾಗಿ ಮಾತ್ರ ಕಂಡದ್ದು ದೊಡ್ಡ ನಷ್ಟ.

ಉತ್ತರ (ದೋಣಿಹಾಯಿ):
ಇದಕ್ಕೆ ಕಾರಣವನ್ನು ಆಟಿಕೆಗಳಲ್ಲಿ ಹುಡುಕಬೇಕು. ಸರಣಿಯೂ ಮ್ಯಾಟೆಲ್ ಕಂಪನಿಯ ಬೊಂಬೆಗಳೂ ಜೊತೆಜೊತೆಯಾಗಿ ಬಂದವು. ಮಗುವಿನ ಕೈಯಲ್ಲಿರುವ ಬೊಂಬೆ ಬಾಯಿ ತೆರೆದು ಕಚ್ಚಬೇಕು, ಗುದ್ದಬೇಕು. ಮಂದ ವಿದ್ಯುತ್ತನ್ನು ಗ್ರಹಿಸುವ ಶಕ್ತಿಯನ್ನು ಪ್ಲಾಸ್ಟಿಕ್ಕಿನಲ್ಲಿ ತೋರಿಸುವುದು ಹೇಗೆ? ಆದ್ದರಿಂದ ನಾಲ್ವರಿಗೂ ಉಬ್ಬಿದ ಸ್ನಾಯು ಮತ್ತು ದೊಡ್ಡ ದವಡೆ ಬಂದವು ಎಂದು ನನ್ನ ಅನಿಸಿಕೆ. ಬೆನ್ನಿನ ರೆಕ್ಕೆಯೊಂದನ್ನೇ ಮೇಲೆ ಬಿಟ್ಟು ರಸ್ತೆಯ ಕಾಂಕ್ರೀಟನ್ನು ಸೀಳಿಕೊಂಡು ಈಜುವ ದೃಶ್ಯ ಮಾತ್ರ ಅಪ್ಪಟ ಕಲ್ಪನೆ, ಅದನ್ನು ಹಾಗೆಯೇ ಆನಂದಿಸಲು ಬಿಡಿ.

ತೆರೆನೊರೆ:
ಇಬ್ಬರಿಗೂ ಕೃತಜ್ಞತೆಗಳು. ಸ್ಟ್ರೀಕ್ಸ್‌ನ ಮೈಮೇಲಿನ ಪಟ್ಟೆಗಳು ಸರಿಯೇ? ಮುಂದೆ ಬರುವ ಮೋಬಿ ಲಿಕ್ ಕೂಡ ಶಾರ್ಕೇ?

ಉತ್ತರ (ಹವಳದಿಬ್ಬ):
ಪಟ್ಟೆಗಳು ಸರಿ, ಆದರೆ ಅವು ಮರಿಗಳಲ್ಲಿ ಢಾಳಾಗಿದ್ದು, ವಯಸ್ಸಾದಂತೆ ಮಸುಕಾಗುತ್ತವೆ. ಮೋಬಿ ಲಿಕ್ ಓರ್ಕಾ. ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡುವ ಸಸ್ತನಿ, ಡಾಲ್ಫಿನ್‌ಗಳ ಕುಟುಂಬಕ್ಕೆ ಸೇರಿದ್ದು. ಬಾಲವನ್ನು ಗಮನಿಸಲು ಮಗಳಿಗೆ ಹೇಳಿ: ಕಡಲಿನಲ್ಲಿ ಶಾರ್ಕ್ ಬಾಲವನ್ನು ಎಡಬಲಕ್ಕೆ ಬೀಸಿ ಈಜುತ್ತದೆ, ಓರ್ಕಾ ಮೇಲೆ ಕೆಳಗೆ ಬಡಿಯುತ್ತದೆ.