ಕೌದಿಗೆ ಹೊಸ ಬಟ್ಟೆ: ಬೋರ್ಡಿಗೆ ಏನು ಬರೆಸಲಿ? (ತುರ್ತು)

ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಬೋರ್ಡ್ ಬರೆಯುವವರು ಬರ್ತಾರೆ, ಅದಕ್ಕೇ ಅವಸರ. ನಮ್ಮಕ್ಕ ಇಲ್ಲಿ ಅಂಗಡಿ ಇಡುತ್ತಿದ್ದಾಳೆ. ಮಾರುವುದು ಹೊಸ ಹತ್ತಿ ಬಟ್ಟೆ ಮಾತ್ರ, ಅದೂ ಕೌದಿ (ಬಟ್ಟೆ ತುಂಡು ಕೂಡಿಸಿ ಹೊಲಿದ ಹೊದಿಕೆ) ಹೊಲಿಯುವವರಿಗೆ. "ಕೌದಿ ಬಟ್ಟೆ" ಅಂತ ಬರೆಸಿದರೆ ಜನ ಹಳೇ ಸೀರೆ, ಹರಿದ ಧೋತರ ಅಂತಲೇ ತಿಳಿಯುತ್ತಾರೆ. ಒಬ್ಬರು ಅಜ್ಜಿ ಒಳಗೆ ಬಂದು "ಹೊಸಾದನ್ನ ಯಾಕ ಹರೀತೀರವ್ವಾ?" ಅಂತ ಕೇಳಿಯೇ ಬಿಟ್ಟರು. ಹಾಗೆ ಕೇಳಿದವರೇ ಆಮೇಲೆ ಎರಡು ಥಾನು ಬಿಚ್ಚಿಸಿ, ಹಳದಿಯ ಪಕ್ಕ ನೀಲಿ ಇಟ್ಟು, ಸರಿ ಬರಲಿಲ್ಲ ಅಂತ ನೀಲಿ ತೆಗೆದು ಕಂದು ಇಟ್ಟು, ಬೆಳಕಿಗೆ ಹಿಡಿಯೋಕೆ ಬಾಗಿಲ ತನಕ ಹೋಗಿ ಬಂದರು. ಅರ್ಧ ಮೀಟರ್ ಬೇಕು ಅಂತ ಬಂದವರು ತಾಸುಗಟ್ಟಲೆ ಹೊರಡೋದೇ ಇಲ್ಲ. ಆ ಖುಷಿಯೂ ಬೋರ್ಡಿನಲ್ಲಿ ಕಾಣಬೇಕು ಅನ್ನೋದು ಅಕ್ಕನ ಆಸೆ.

ಇನ್ನೊಂದು ಪದ ಬೇಕು. ಅಮೆರಿಕದ ಕಡೆ ಕ್ವಿಲ್ಟ್ (ಅಲ್ಲಿನ ಕೌದಿ) ಮಾಡುವವರು ಫ್ಯಾಟ್ ಕ್ವಾರ್ಟರ್ ಅಂತಾರಲ್ಲ, ಅದಕ್ಕೆ. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಕಾಲು ಗಜ ಕತ್ತರಿಸಿದರೆ 9 ಇಂಚಿನ ಪಟ್ಟಿ ಬರುತ್ತೆ, ಅದರಲ್ಲಿ ದೊಡ್ಡ ತುಂಡು ತೆಗೆಯೋಕೆ ಆಗಲ್ಲ. ಅದರ ಬದಲು ಅರ್ಧ ಗಜ ತೆಗೆದುಕೊಂಡು ಪನ್ನವನ್ನು ನಡುವೆ ಸೀಳಿದರೆ 18 × 22 ಇಂಚು. ಅಷ್ಟೇ ಬಟ್ಟೆ, ಉಪಯೋಗ ಜಾಸ್ತಿ. "ಕಾಲು ತುಂಡು" ಅಂತ ಯೋಚಿಸಿದ್ದೆ, ಆದರೆ ಚಿಕನ್ ಅಂಗಡಿ ಅಂದುಕೊಂಡಾರು.

ಮೈಸೂರಿನಿಂದ:

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. "ಚೀಟಿ ಬಟ್ಟೆ" ಅನ್ನಿ. ನಮ್ಮ ಕಡೆ ಹೂವಿನ ಅಚ್ಚಿನ ಹತ್ತಿ ಬಟ್ಟೆಗೆ ಹಿಂದಿನಿಂದಲೂ ಅದೇ ಮಾತು. ಅಳತೆಗೆ "ವಾರ" ಅನ್ನಿ, ಗಜ ಯಾಕೆ?

ಹುಬ್ಬಳ್ಳಿಯಿಂದ:

ಹುಬ್ಬಳ್ಳಿ-ಧಾರವಾಡದಾಗ ಚೀಟಿ ಅಂತ ಬೋರ್ಡ್ ಹಾಕಿದರೆ ದುಡ್ಡು ಕಟ್ಟೋಕೆ ಬರ್ತಾರೆ. "ವಾರಕ್ಕೆ ಇಷ್ಟು ರೂಪಾಯಿ" ಅಂದರಂತೂ ಬಡ್ಡಿ ವ್ಯವಹಾರವೇ ಸೈ. ಬ್ಯಾಡ.

ಬೆಂಗಳೂರಿನಿಂದ:

ಯಾರೂ ಮುಖ್ಯ ಪದ ಹೇಳಲೇ ಇಲ್ಲ. ಬಟ್ಟೆಗೆ ಅರಿವೆ! ನಿಮ್ಮೂರಲ್ಲೇ "ಅರಿಬಿ" ಅಂತ ದಿನಾ ಆಡುತ್ತೀರಿ, ಬೋರ್ಡ್ ಬರೆಸುವಾಗ ಮಾತ್ರ ಮರೆಯುತ್ತೀರಿ. ಹಳೆಯ ರೂಪ ಅಱಿವೆ, ಅಱುವೆ. ಅಱು ಎಂದರೆ ತುಂಡಾಗು. ಮಗ್ಗದಿಂದ ಕತ್ತರಿಸಿ ತೆಗೆದದ್ದು ಅರಿವೆ. ತಮಿಳಿನ ಅಱುವೈ ಕೂಡ ಇದೇ. ಸಂಗಂ ಕಾಲದ ಒಬ್ಬ ಕವಿಯ ಹೆಸರೇ ಮದುರೈ ಅಱುವೈ ವಾಣಿಗನ್ ಇಳವೇಟ್ಟನಾರ್, ಅಂದರೆ ಜವಳಿ ವ್ಯಾಪಾರಿ. ಕತ್ತರಿಸಿ ಮಾರುವ ಅಂಗಡಿಗೆ ಇದಕ್ಕಿಂತ ಒಪ್ಪುವ ಪದ ಇಲ್ಲ. ಕೌದಿಯೂ ಅಷ್ಟೇ, "ಕವಿ" (ಮುಚ್ಚು) ಎಂಬುದರಿಂದ ಬಂದದ್ದು ಅಂತ ನನ್ನ ವಾದ, ಮೈ ಕವಿಯುವುದು. ಸಂಸ್ಕೃತದ ಕಂಥೆಗೆ (ಚಿಂದಿ ಹೊದಿಕೆ) ಗಂಟು ಹಾಕುವವರು ಸ್ವಲ್ಪ ದೂರ ನಿಲ್ಲಿ. ಆ ತುಂಡಿಗೆ "ಕಾಲರಿವೆ" ಅನ್ನಬಹುದು.

ಹುಬ್ಬಳ್ಳಿಯಿಂದ:

ಕಾಲರಿವೆ ಅಂದರೆ ಪ್ಯಾಂಟ್ ಅಲ್ವಾ ಸರ್?

ಯಲ್ಲಾಪುರದಿಂದ:

"ಕವಿ"ಯಿಂದ ಅನ್ನೋದಾದರೆ, ನಮ್ಮ ಕಡೆ ಸಿದ್ದಿಯರು "ಕವಂದಿ" ಅಂತಾರೆ, ಆ ಸೊನ್ನೆ ಎಲ್ಲಿಂದ ಬಂತು? ಕಂಥೆ ಅಂದರೆ ಸಿಟ್ಟು ಯಾಕೆ ಬರಬೇಕು? ಇರಲಿ. ಕೆಲಸದ ಮಾತು ಹೇಳ್ತೇನೆ. ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಯುತ್ತಾ ಸುತ್ತು ಹಾಕಿ ನಡುವಿಗೆ ಬರ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ "ಫುಲಾ" ಇಡ್ತಾರೆ. ಅದಿಲ್ಲದಿದ್ದರೆ ಕವಂದಿ ಬೋಳು. ಫುಲಾ ಕನ್ನಡ ಅಲ್ಲ ಅಂತ ಯಾರಾದರೂ ಅವರ ಕವಂದಿ ಬಿಚ್ಚಿಸುತ್ತೀರಾ? ಮತ್ತೆ ಅಕ್ಕಾ, ಹೊಸ ಬಟ್ಟೆ ಅಂದಮೇಲೆ ಕೊಳ್ಳುವವರಿಗೆ ಒಂದು ಮಾತು ಹೇಳಿ: ಮೊದಲು ಒಮ್ಮೆ ಒಗೆದು ಗಂಜಿ ತೆಗೀಬೇಕು. ಇಲ್ಲದಿದ್ದರೆ ಕೆಂಪು ಬಣ್ಣ ಬಿಟ್ಟು ಪಕ್ಕದ ಬಿಳಿ ತುಂಡು ಹಾಳು. ಹತ್ತಿ ಹೌದೋ ಅಲ್ಲವೋ ಅನುಮಾನ ಇದ್ದರೆ ಒಂದು ಎಳೆ ಎಳೆದು ಸುಟ್ಟು ನೋಡಿ. ಹತ್ತಿ ಕಾಗದದ ಹಾಗೆ ಉರಿದು ಬೂದಿ ಆಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ.

ಬೆಂಗಳೂರಿನಿಂದ:

ಒಗೆಯುವುದು ಬೇರೆ ಕಡೆ ಚರ್ಚಿಸಿ. ಇಲ್ಲಿ ಪ್ರಶ್ನೆ ಪದದ್ದು. ಸಾಲ ತರುವುದು ಚಟ ಆಗಿಬಿಟ್ಟಿದೆ. ಇದ್ದದ್ದನ್ನು ಬಿಟ್ಟು ಕ್ವಿಲ್ಟ್, ಫ್ಯಾಬ್ರಿಕ್, ಪೀಸ್!

ಮೈಸೂರಿನಿಂದ:

ಸ್ವಾಮಿ, ಬಟ್ಟೆ ಅಂಗಡಿಯಲ್ಲಿ ನಿಂತು ಸಾಲದ ಲೆಕ್ಕ ತೆಗೆದರೆ ಏನು ಉಳಿಯುತ್ತೆ? ಗಜ ಪಾರಸಿ, ಅಸ್ತರು ಪಾರಸಿ, ಕತ್ತರಿ ಸಂಸ್ಕೃತ, ಥಾನು ಹಿಂದಿ, ಮೀಟರ್ ಫ್ರೆಂಚ್. ನಾನು ಹೇಳಿದ ಚೀಟಿಯ ನಂಟಿನ ಹಿಂದಿ ಛೀಂಟ್ ಇಂಗ್ಲಿಷಿಗೆ ಹೋಗಿ ಚಿಂಟ್ಜ್ ಆಗಿದೆ, ಕಲ್ಲಿಕೋಟೆ ಊರಿನ ಹೆಸರು ಅವರ ಬಾಯಲ್ಲಿ ಕ್ಯಾಲಿಕೋ ಬಟ್ಟೆ ಆಗಿದೆ. ಅವರೇನು ಸಾಲ ತೀರಿಸಿದ್ದಾರಾ?

ಬೆಂಗಳೂರಿನಿಂದ:

ಅವರ ಮಾತು ಅವರಿಗೆ. ನಮ್ಮಲ್ಲಿ ಪದ ಇಲ್ಲದಿದ್ದರೆ ತನ್ನಿ, ಬೇಡ ಅನ್ನಲ್ಲ. ಇದ್ದೂ ತರುವುದು ಸೋಮಾರಿತನ.

ಹುಬ್ಬಳ್ಳಿಯಿಂದ:

ಇಬ್ಬರೂ ಸ್ವಲ್ಪ ತಡೀರಿ, ಬೋರ್ಡಿನವರು ಇವತ್ತೇ ಬರೋದು. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆಗೇ ತಿದ್ದುಪಡಿ ಆಗಿದೆ, ಯಾವ ಕನ್ನಡ ಅಂತ ಅದರಲ್ಲಿ ಹೇಳಿಲ್ಲ. ಅರಿಬಿ ಅಂತಲೇ ಬರೆಸಿ ಅಕ್ಕಾರ, ಅರಿವೆ ಅಂತ ಬೇಡ, ಅದನ್ನ "ಅರಿವು" ಅಂತ ಓದಿ ಪುಸ್ತಕ ಕೇಳ್ತಾರೆ. ತುಂಡಿಗೆ "ಪಾವ್" ಅನ್ನಿ, ಅಂದರೆ ಕಾಲು. ಪಾವ್ ಕಿಲೋ ಅನ್ನೋರಿಗೆ ಪಾವ್ ಅರಿಬಿ ತಿಳಿಯಲ್ವಾ?

ಧಾರವಾಡದಿಂದ:

ಎಲ್ಲರಿಗೂ ಥ್ಯಾಂಕ್ಸ್. ಬರೆಸಿದ್ದಾಯಿತು: "ಕೌದಿಗೆ ಹೊಸ ಅರಿಬಿ", ಕೆಳಗೆ ಸಣ್ಣಕ್ಷರದಲ್ಲಿ "ಬರ್ರಿ, ಕೂತು ಆರಿಸ್ರಿ". ಪಾವ್ ಅನ್ನುವುದನ್ನು ಅಕ್ಕ ರಟ್ಟಿನ ಚೀಟಿಯಲ್ಲಿ ಬರೆದು ಕಪಾಟಿಗೆ ಅಂಟಿಸಿದ್ದಾಳೆ, ಗಿರಾಕಿಗಳು ಒಪ್ಪಿದರೆ ಮುಂದೆ ನೋಡೋಣ. ಬೆಂಗಳೂರಿನ ಸರ್, ಬೇಜಾರು ಮಾಡ್ಕೋಬೇಡಿ, ವ ಹೋಗಿ ಬ ಆದರೂ ಪದ ನಿಮ್ಮದೇ. ಈಗ ಬಿಲ್ ಬುಕ್ ಅಚ್ಚಿಗೆ ಹೋಗ್ತಿದೆ. ಕೌದಿಯ ನಡುವಿನ ಪದರಕ್ಕೆ ಏನಂತಾರೆ? ಅಸ್ತರು ಅಂದರೆ ಒಳಗಿನ ಮೈ ಆಗುತ್ತೆ, ನನಗೆ ಬೇಕಿರೋದು ಎರಡರ ಮಧ್ಯೆ ಹಾಕೋದು. ಶುಕ್ರವಾರದೊಳಗೆ ಹೇಳಿ.