ಎಐ ಬರಹದಲ್ಲಿ ಬಯಾಸ್‌ಗೆ ‘ಪಕ್ಷಪಾತ’ ಒಗ್ಗುತ್ತಾ? ಈಕ್ವಿಟಿಗೆ ಏನು?

ಎಲ್ಲರಿಗೂ ನಮಸ್ಕಾರ.

ಆರೋಗ್ಯ ಸೇವೆಯಲ್ಲಿ ಎಐ ಬಳಸುವಾಗ ಪಾಲಿಸಬೇಕಾದ ನೈತಿಕ ಸೂತ್ರಗಳನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2023ರಲ್ಲಿ ಹೊರತಂದಿದೆ. ಅದರ ಸಾರವನ್ನು ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಗಾಡಿ ನಿಂತಿದೆ.

ಮೊದಲನೆಯದು ಬಯಾಸ್, ಅಂದರೆ ಎಐ ಕೊಡುವ ಉತ್ತರ ಕೆಲವರಿಗೆ ಅನ್ಯಾಯವಾಗುವ ಹಾಗೆ ಒಂದು ಕಡೆಗೆ ತಿರುಗುವುದು. ಸಾಮಾನ್ಯವಾಗಿ ‘ಪಕ್ಷಪಾತ’ ಅಂತಲೇ ಬರೆಯುತ್ತಾರೆ. ಕರಡು ಓದಿದ ನರ್ಸ್ ಒಬ್ಬರು, “ಯಂತ್ರ ಯಾರ ಪಕ್ಷ ವಹಿಸುತ್ತೆ? ಅದಕ್ಕೇನು ನೆಂಟರಾ, ಜಾತಿಯವರಾ?” ಅಂದರು. ನ್ಯಾಯವಾದ ಪ್ರಶ್ನೆ. ಪಕ್ಷಪಾತ ಅಂದರೆ ಯಾರೋ ಬೇಕಂತಲೇ ಮಾಡಿದ್ದು ಅನ್ನಿಸುತ್ತದೆ.

2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವನ್ನೇ ನೋಡಿ. ಯಾವ ರೋಗಿಗೆ ವಿಶೇಷ ಆರೈಕೆ ಬೇಕು ಎಂದು ಅಂಕ ಕೊಡುವ ಸಾಫ್ಟ್‌ವೇರ್ ಒಂದನ್ನು ಅದರಲ್ಲಿ ಪರಿಶೀಲಿಸಿದ್ದರು. ರೋಗಿಯ ಜನಾಂಗ ಯಾವುದು ಎಂದು ಆ ಸಾಫ್ಟ್‌ವೇರ್‌ಗೆ ತಿಳಿಸಿರಲೇ ಇಲ್ಲ. ಯಾರ ಚಿಕಿತ್ಸೆಗೆ ಎಷ್ಟು ಖರ್ಚಾಗಬಹುದು ಎಂದು ಲೆಕ್ಕ ಹಾಕಿ, ಖರ್ಚು ಜಾಸ್ತಿ ಇದ್ದವರಿಗೇ ಆರೈಕೆ ಜಾಸ್ತಿ ಬೇಕು ಎಂದು ಹಿಡಿದಿತ್ತು. ಆದರೆ ಅಲ್ಲಿ ಕಪ್ಪು ಜನರಿಗೆ ಚಿಕಿತ್ಸೆ ಸಿಗುವುದೇ ಕಡಿಮೆ, ಹಾಗಾಗಿ ಖರ್ಚೂ ಕಡಿಮೆ. ಅಂಕ ಒಂದೇ ಇದ್ದರೂ ಬಿಳಿಯರಿಗಿಂತ ಅವರಿಗೆ ಕಾಯಿಲೆ ಹೆಚ್ಚಿತ್ತು. ಈ ಕೊರತೆ ಸರಿಪಡಿಸಿದರೆ ವಿಶೇಷ ಆರೈಕೆ ಪಡೆಯುವವರಲ್ಲಿ ಅವರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತದೆ ಎಂದು ಸಂಶೋಧಕರು ಲೆಕ್ಕ ಕೊಟ್ಟರು. ಇದಕ್ಕೆ ‘ಪೂರ್ವಗ್ರಹ’ ಎನ್ನೋಣವೇ? ಗ್ರಹಿಸಲು ಅಲ್ಲಿ ಮನಸ್ಸೇ ಇಲ್ಲವಲ್ಲ!

ನನಗೆ ಹೊಳೆದದ್ದು ‘ವಾಲು’. ಒಂದು ಕಡೆ ಜನ ತುಂಬಿದ ಬಸ್ಸು ವಾಲುತ್ತದೆ, ಡ್ರೈವರ್ ಬೇಕಂತ ವಾಲಿಸಿದ್ದಲ್ಲ. “ಮಾಹಿತಿ ವಾಲಿದೆ, ಅದರಿಂದ ತಾರತಮ್ಯ ಆಗುತ್ತಿದೆ” ಎಂದರೆ ಕಾರಣಕ್ಕೊಂದು ಪದ, ಪರಿಣಾಮಕ್ಕೊಂದು ಪದ ಸಿಗುತ್ತದೆ. ಹಾಗಂತ ಅದನ್ನು ಮಾಡಿದ ಕಂಪನಿ ಜವಾಬ್ದಾರಿಯಿಂದ ನುಣುಚಿಕೊಳ್ಳಬಾರದು. ‘ವಾಲು’ವಿನಲ್ಲಿ ಆ ಅಪಾಯ ಇದೆಯೇನೋ.

ಇನ್ನು ಈಕ್ವಿಟಿ, ಅಂದರೆ ಯಾರಿಗೆ ಎಷ್ಟು ಅಗತ್ಯವೋ ಅಷ್ಟು ಸಿಗುವುದು. ಪೇಪರಿನ ವಾಣಿಜ್ಯ ಪುಟದಲ್ಲಿ ಅದು ಷೇರು, ಅದು ಬಿಡಿ. ‘ಸಮಾನತೆ’ ಈಗಾಗಲೇ ಈಕ್ವಾಲಿಟಿಗೆ ಹೋಗಿದೆ. ‘ಸಮತೆ’ ಅಂದರೆ ಓದುವವರಿಗೆ ಎರಡೂ ಒಂದೇ. ‘ಸಮಪಾಲು’ ಕೇಳಲು ಚೆನ್ನ, ಆದರೆ ಅರ್ಥ ಉಲ್ಟಾ: ಇಲ್ಲಿ ಬೇಕಿರುವುದು ಎಲ್ಲರಿಗೂ ಒಂದೇ ಅಳತೆಯಲ್ಲ. ಥಾಯ್ಲೆಂಡಿನಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣು ಪರೀಕ್ಷಿಸಲು ಗೂಗಲ್ ಒಂದು ಎಐ ಕೊಟ್ಟಿತ್ತು. ಎಲ್ಲ ಕ್ಲಿನಿಕ್ಕಿಗೂ ಅದೇ ಯಂತ್ರ. ಆದರೆ ಫೋಟೊ ತೆಗೆಯುವ ಕೋಣೆಯನ್ನು ಸರಿಯಾಗಿ ಕತ್ತಲು ಮಾಡಲಾಗದ ಕಡೆ ಫೋಟೊ ಸ್ಪಷ್ಟವಾಗಿ ಬರುತ್ತಿರಲಿಲ್ಲ. ಐದರಲ್ಲಿ ಒಂದಕ್ಕಿಂತ ಜಾಸ್ತಿ ಫೋಟೊಗಳನ್ನು ಯಂತ್ರ ಒಪ್ಪಲಿಲ್ಲ ಎಂದು 2020ರಲ್ಲಿ ಗೂಗಲ್‌ನವರೇ ಬರೆದರು. ರೋಗಿ ಮತ್ತೊಂದು ಆಸ್ಪತ್ರೆಗೆ ಅಲೆಯಬೇಕು, ಆ ದಿನದ ಕೂಲಿ ಹೋಯಿತು. ಯಂತ್ರ ಸಮಾನವಾಗಿಯೇ ಹಂಚಿಕೆಯಾಗಿತ್ತು, ಅಲ್ವಾ?

ಸದ್ಯಕ್ಕೆ ‘ಅಗತ್ಯಕ್ಕೆ ತಕ್ಕ ಪಾಲು’ ಎಂದು ಬರೆದಿದ್ದೇನೆ. ಅರ್ಥ ಸರಿ, ಆದರೆ ತಲೆಬರಹಕ್ಕೆ ಉದ್ದ. ‘ತಕ್ಕಪಾಲು’ ಎಂದು ಒಂದೇ ಪದ ಮಾಡಿದರೆ ಕಿವಿಗೆ ಒಗ್ಗುತ್ತದೆಯೇ? ಇನ್ನೊಂದು, ‘ವಾಲು’ ನಾಮಪದ ಆಗುವಾಗ ‘ವಾಲಿಕೆ’ಯೋ, ‘ವಾಲುವಿಕೆ’ಯೋ? ಧಾರವಾಡ, ಕಲಬುರಗಿ ಕಡೆಯವರು ಈ ಪದ ಬಳಸುತ್ತೀರಾ, ಅಥವಾ ಅಲ್ಲಿ ಬೇರೆ ಮಾತಿದೆಯಾ ಅಂತಲೂ ತಿಳಿಸಿ.