ನಾಲ್ಕು ದೇಶದಲ್ಲಿರುವ ಗೆಳೆಯರ ಡಿ ಅಂಡ್ ಡಿ ಆಟ ನಿಂತುಹೋಗಿದೆ: ಸಮಯ ಕೂಡಿಬರುತ್ತಿಲ್ಲ, ಫೌಂಡ್ರಿಗೂ ಕನೆಕ್ಟ್ ಆಗುತ್ತಿಲ್ಲ

ಘಟ್ಟದ_ದಾರಿ, ಮೈಸೂರು (2025 ನವೆಂಬರ್ 16)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ.

ನಾವು ಐದು ಜನ, ಶಿವಮೊಗ್ಗದಲ್ಲಿ ಒಂದೇ ಕ್ಲಾಸಿನಲ್ಲಿ ಓದಿದವರು. 2015ರಲ್ಲಿ ಒಬ್ಬನ ಹತ್ತಿರ ಇದ್ದ ಒಂದೇ ಸೆಟ್ ದಾಳ ಇಟ್ಟುಕೊಂಡು, ಕ್ಯಾಂಟೀನಿನ ಕೊನೆಯ ಟೇಬಲ್ಲಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಶುರು ಮಾಡಿದೆವು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುತ್ತಾರೆ. ಈಗ ನಾನು ಮೈಸೂರಿನಲ್ಲಿದ್ದೇನೆ, ಒಬ್ಬ ಬೆಂಗಳೂರಿನಲ್ಲಿ. ಇನ್ನೊಬ್ಬ ಅಮೆರಿಕದ ಸ್ಯಾನ್ ಹೋಸೆಯಲ್ಲಿ, ಮತ್ತೊಬ್ಬ ಮೆಲ್ಬರ್ನ್‌ನಲ್ಲಿ. ಗೆಳತಿಯೊಬ್ಬಳು ಡಬ್ಲಿನ್‌ನಲ್ಲಿದ್ದಾಳೆ. ಆಟ ನಡೆಸುವವನು ನಾನೇ.

ಆಗಸ್ಟ್‌ನಲ್ಲಿ ಮತ್ತೆ ಶುರು ಮಾಡಿದೆವು. ಪ್ರತಿ ಶನಿವಾರ ರಾತ್ರಿ ಏಳೂವರೆಗೆ ಡಿಸ್ಕಾರ್ಡ್ ಅನ್ನೋ ಗುಂಪು ಮಾತುಕತೆಯ ಆ್ಯಪ್‌ನಲ್ಲಿ ಸೇರುವುದು ಅಂತ ಮಾತಾಯಿತು. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಅಕ್ಟೋಬರ್ ಬರುತ್ತಲೇ ಒಬ್ಬೊಬ್ಬರಾಗಿ ತಪ್ಪಿಸತೊಡಗಿದರು. ಮೊದಲು ಮೆಲ್ಬರ್ನ್‌ನವನು ಬರೋದು ನಿಲ್ಲಿಸಿದ. ಆಮೇಲೆ ಡಬ್ಲಿನ್‌ನವಳು ಒಂದು ಗಂಟೆ ತಡವಾಗಿ ಬಂದಳು. ಮುಂದಿನ ವಾರ ಸ್ಯಾನ್ ಹೋಸೆಯವನೂ ತಡ. ನಾನು, ಬೆಂಗಳೂರಿನವನು ಸುಮ್ನೆ ಕಾದು ಕೂತಿದ್ದೆವು. ನೆನ್ನೆ ನಾನೇ ಆಟ ಕರೆಯಲಿಲ್ಲ. ಅವರಿಗೆ ಆಸಕ್ತಿ ಹೋಯಿತೇನೋ ಅನ್ನಿಸಿ ನಿಜಕ್ಕೂ ನೋವಾಗಿದೆ.

ಇನ್ನೊಂದು ತೊಂದರೆ. ಕಳೆದ ತಿಂಗಳು ಫೌಂಡ್ರಿ ವಿಟಿಟಿ (ಇಂಟರ್ನೆಟ್‌ನಲ್ಲಿ ನಕ್ಷೆ, ದಾಳ ಇಟ್ಟು ಆಡಿಸುವ ಸಾಫ್ಟ್‌ವೇರ್) ಕೊಂಡು ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿದೆ. ಹೊರಗಿನವರಿಗೆ ದಾರಿ ಬಿಡಲು ರೂಟರ್‌ನಲ್ಲಿ 30000ನೇ ಪೋರ್ಟ್ ಫಾರ್ವರ್ಡ್ ಕೂಡ ಮಾಡಿದೆ. ಆದರೂ ಹೊರಗಿನಿಂದ ಯಾರಿಗೂ ತೆರೆಯುತ್ತಿಲ್ಲ. ಬೆಂಗಳೂರಿನವನು ದಸರಾಕ್ಕೆ ನಮ್ಮ ಮನೆಗೆ ಬಂದಿದ್ದಾಗ ಅವನ ಲ್ಯಾಪ್‌ಟಾಪ್‌ನಲ್ಲಿ ತೆರೆಯಿತು. ವಾಪಸ್ ಹೋದ ಮೇಲೆ ಅವನಿಗೂ ಇಲ್ಲ.

ಏನು ಮಾಡಲಿ?

ಹಳೇ_ದಾಳ, ಧಾರವಾಡ (ನವೆಂಬರ್ 16)

ಮನಸ್ಸಿಗೆ ಹಚ್ಚಿಕೊಳ್ಳುವ ಮೊದಲು ಎರಡು ವಿಷಯ ತಿಳಿಸಿ. ಯಾರು ಯಾವ ತಾರೀಕು ತಪ್ಪಿಸಿದರು? ಆಗಸ್ಟ್‌ನಲ್ಲಿ ಸಮಯ ತಿಳಿಸಿ ಕಳಿಸಿದ ಮೆಸೇಜ್‌ನಲ್ಲಿ ಏನು ಬರೆದಿದ್ದಿರಿ? ಅದನ್ನು ಇದ್ದ ಹಾಗೇ ಇಲ್ಲಿ ಹಾಕಿ. ನನಗೊಂದು ಅನುಮಾನ ಇದೆ.

ಘಟ್ಟದ_ದಾರಿ

ಗುಂಪಿನಲ್ಲಿ ಪಿನ್ ಮಾಡಿದ ಮೆಸೇಜ್ ಇದು: "ಪ್ರತಿ ಶನಿವಾರ ನಮ್ಮ ಏಳೂವರೆ. ಡಬ್ಲಿನ್‌ಗೆ ಮಧ್ಯಾಹ್ನ ಮೂರು, ಸ್ಯಾನ್ ಹೋಸೆಗೆ ಬೆಳಿಗ್ಗೆ ಏಳು, ಮೆಲ್ಬರ್ನ್‌ಗೆ ರಾತ್ರಿ ಹನ್ನೆರಡು."

ಮೆಲ್ಬರ್ನ್‌ನವನು ಕೊನೆಯ ಸಲ ಬಂದಿದ್ದು ಅಕ್ಟೋಬರ್ 4. ಡಬ್ಲಿನ್‌ನವಳು ತಡ ಮಾಡಿದ್ದು ನವೆಂಬರ್ 1, ಸ್ಯಾನ್ ಹೋಸೆಯವನು ನವೆಂಬರ್ 8.

ಹಳೇ_ದಾಳ

ಅಂದುಕೊಂಡ ಹಾಗೇ ಆಯಿತು. ನಿಮ್ಮ ಗೆಳೆಯರಲ್ಲಿ ತಪ್ಪೇನೂ ಇಲ್ಲ. ಅವರ ಊರಿನ ಗಡಿಯಾರಗಳು ಬದಲಾಗಿವೆ, ನಿಮ್ಮ ಮೆಸೇಜ್ ಬದಲಾಗಿಲ್ಲ.

ನಮ್ಮ ದೇಶದಲ್ಲಿ ವರ್ಷವಿಡೀ ಒಂದೇ ಸಮಯ. ಅವರಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ, ಅದೂ ಎಲ್ಲರೂ ಒಂದೇ ದಿನ ಅಲ್ಲ. ಮೆಲ್ಬರ್ನ್‌ನಲ್ಲಿ ಅಕ್ಟೋಬರ್ ಮೊದಲ ಭಾನುವಾರ ಮುಂದಕ್ಕೆ. ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಈ ವರ್ಷ ಅವು ಅಕ್ಟೋಬರ್ 5, ಅಕ್ಟೋಬರ್ 26 ಮತ್ತು ನವೆಂಬರ್ 2.

ಈಗ ನಿಮ್ಮ ತಾರೀಕುಗಳನ್ನು ಪಕ್ಕದಲ್ಲಿಟ್ಟು ನೋಡಿ. ನವೆಂಬರ್ 1ಕ್ಕೆ ನಮ್ಮ ಏಳೂವರೆ ಅಂದರೆ ಡಬ್ಲಿನ್‌ನಲ್ಲಿ ಎರಡು ಗಂಟೆ. ಆಕೆ ನಿಮ್ಮ ಮೆಸೇಜ್ ನಂಬಿ ಸರಿಯಾಗಿ ಮೂರಕ್ಕೇ ಬಂದಿದ್ದಾರೆ. ನವೆಂಬರ್ 8ಕ್ಕೆ ಸ್ಯಾನ್ ಹೋಸೆಯಲ್ಲಿ ಬೆಳಿಗ್ಗೆ ಆರು. ಅವರೂ ಏಳಕ್ಕೆ ಸರಿಯಾಗಿ ಬಂದಿದ್ದಾರೆ. ಮೆಲ್ಬರ್ನ್‌ನವರ ಕಥೆ ಓದಿ ಮಾತ್ರ ಅಯ್ಯೋ ಅನ್ನಿಸಿತು. ಅಕ್ಟೋಬರ್ 4ರ ಆಟಕ್ಕೆ ಅವರು ಕೂತಿದ್ದು ಅವರ ರಾತ್ರಿ ಹನ್ನೆರಡಕ್ಕೆ. ಎರಡು ಗಂಟೆ ಆಡಿ ಎದ್ದಿದ್ದರೆ ಗಡಿಯಾರದಲ್ಲಿ ಮೂರು. ಸರಿಯಾಗಿ ಎರಡಕ್ಕೇ ಗಡಿಯಾರ ಮುಂದೆ ಹೋಗಿದ್ದು. ಅಲ್ಲಿಂದ ಮುಂದೆ ನಿಮ್ಮ ಆಟ ಅವರಿಗೆ ರಾತ್ರಿ ಒಂದು ಗಂಟೆಗೆ. ಯಾರಿಂದ ಆಗುತ್ತದೆ ಹೇಳಿ?

ಇವತ್ತೇ ಮೂವರಿಗೂ ಫೋನ್ ಮಾಡಿ. ಆಮೇಲೆ ಆ ಪಿನ್ ತೆಗೆದು ಡಿಸ್ಕಾರ್ಡ್‌ನಲ್ಲೇ ಈವೆಂಟ್ ಹಾಕಿ. ಅದು ಅವರವರಿಗೆ ಅವರವರ ಊರಿನ ಸಮಯದಲ್ಲೇ ಕಾಣುತ್ತದೆ.

ಇನ್ನೊಂದು ಮಾತು. ಐವರಿಗೂ ಹೊಂದುವ ಸಮಯ ಹುಡುಕುವುದನ್ನು ಬಿಡಿ, ನಿಮ್ಮ ಗುಂಪಿಗೆ ಅಂಥದ್ದು ಸಿಗುವುದಿಲ್ಲ. ನಾನು ಕಾಗದದ ಮೇಲೆ ಬರೆದು ನೋಡಿದೆ. ಈಗಿನ ಲೆಕ್ಕದಲ್ಲಿ ಮೂರೇ ಹೊತ್ತು ಬರುತ್ತವೆ.

ಶನಿವಾರ ನಮ್ಮ ರಾತ್ರಿ 8:30: ಸ್ಯಾನ್ ಹೋಸೆ ಬೆಳಿಗ್ಗೆ 7, ಡಬ್ಲಿನ್ ಮಧ್ಯಾಹ್ನ 3. ಮೆಲ್ಬರ್ನ್ ಇಲ್ಲ, ಅಲ್ಲಿ ನಡುರಾತ್ರಿ 2.

ಭಾನುವಾರ ನಮ್ಮ ಬೆಳಿಗ್ಗೆ 9:30: ಸ್ಯಾನ್ ಹೋಸೆ ಶನಿವಾರ ರಾತ್ರಿ 8, ಮೆಲ್ಬರ್ನ್ ಮಧ್ಯಾಹ್ನ 3. ಡಬ್ಲಿನ್ ಇಲ್ಲ.

ಭಾನುವಾರ ನಮ್ಮ ಮಧ್ಯಾಹ್ನ 3: ಡಬ್ಲಿನ್ ಬೆಳಿಗ್ಗೆ 9:30, ಮೆಲ್ಬರ್ನ್ ರಾತ್ರಿ 8:30. ಸ್ಯಾನ್ ಹೋಸೆ ಇಲ್ಲ.

ಮೂರರಲ್ಲೂ ನೀವಿಬ್ಬರು ಇರುತ್ತೀರಿ. ಮೂರನ್ನೂ ಸರದಿಯಲ್ಲಿ ಆಡಿ. ಹೊರಗಿರುವ ಪ್ರತಿಯೊಬ್ಬರಿಗೂ ಮೂರಕ್ಕೆ ಎರಡು ಆಟ ಸಿಗುತ್ತದೆ, ಯಾರೂ ನಿದ್ದೆ ಕೆಡಬೇಕಾಗಿಲ್ಲ.

ಕೇಬಲ್_ಕಟ್ಟು, ಮಂಗಳೂರು (ನವೆಂಬರ್ 17)

ಫೌಂಡ್ರಿ ವಿಷಯ ನಾನು ಹೇಳುತ್ತೇನೆ. ಮನೆಯೊಳಗೆ ತೆರೆಯುತ್ತದೆ, ಹೊರಗಿನಿಂದ ಇಲ್ಲ ಅಂದಿರಲ್ಲ, ಅದೇ ಸುಳಿವು. ಫೌಂಡ್ರಿ ಸರಿಯಾಗಿಯೇ ಇದೆ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟ ವಿಳಾಸ) ಅಂತ ಇರುತ್ತದೆ, ಅದನ್ನು ಬರೆದುಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ ನಿಮ್ಮ ಐಪಿ ಯಾವುದು ಅಂತ ತೋರಿಸುವ ಯಾವುದಾದರೂ ಸೈಟ್ ನೋಡಿ. ಎರಡೂ ಒಂದೇನಾ?

ಘಟ್ಟದ_ದಾರಿ

ಇಲ್ಲ ಸರ್, ಬೇರೆ ಬೇರೆ. ರೂಟರ್‌ನಲ್ಲಿ 100.72ರಿಂದ ಶುರುವಾಗುತ್ತದೆ.

ಕೇಬಲ್_ಕಟ್ಟು

ಹಾಗಾದರೆ ನೀವು ಸಿಜಿನ್ಯಾಟ್ ಒಳಗಿದ್ದೀರಿ. 100.64ರಿಂದ 100.127ರವರೆಗಿನ ವಿಳಾಸಗಳನ್ನು ಅದಕ್ಕೆಂದೇ ಮೀಸಲಿಟ್ಟಿದ್ದಾರೆ. ವಠಾರ ನೆನಪು ಮಾಡಿಕೊಳ್ಳಿ. ಹತ್ತು ಮನೆ, ಬೀದಿಗೆ ಒಂದೇ ಹೆಬ್ಬಾಗಿಲು. ಪೋರ್ಟ್ ಫಾರ್ವರ್ಡ್ ಮಾಡಿ ನಿಮ್ಮ ಮನೆ ಬಾಗಿಲನ್ನು ತೆರೆದಿಟ್ಟಿದ್ದೀರಿ. ಹೆಬ್ಬಾಗಿಲ ಕೀಲಿ ಇರುವುದು ಇಂಟರ್ನೆಟ್ ಕೊಡುವ ಕಂಪನಿಯ ಹತ್ತಿರ. ಐಪಿ ವಿಳಾಸಗಳ ಕೊರತೆ ಇರುವುದರಿಂದ ಒಂದೇ ಹೊರ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತಾರೆ. ರೂಟರ್‌ನಲ್ಲಿ ಇನ್ನು ಏನು ಬದಲಿಸಿದರೂ ಉಪಯೋಗ ಇಲ್ಲ.

ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಇರುವ, ಬದಲಾಗದ ಹೊರ ವಿಳಾಸ) ಕೇಳಬಹುದು, ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕು. ಅದಕ್ಕಿಂತ ಮೊದಲು ಟನಲ್ ಪ್ರಯತ್ನಿಸಿ. ಕ್ಲೌಡ್‌ಫ್ಲೇರ್‌ನ "ಕ್ಲೌಡ್‌ಫ್ಲೇರ್‌ಡಿ" ಅನ್ನೋ ಚಿಕ್ಕ ಪ್ರೋಗ್ರಾಂ ಇಳಿಸಿಕೊಂಡು, ಲ್ಯಾಪ್‌ಟಾಪ್‌ನ 30000 ಪೋರ್ಟ್ ತೋರಿಸಿ ಓಡಿಸಿ. ಅದು ಒಳಗಿನಿಂದ ಹೊರಕ್ಕೆ ದಾರಿ ಮಾಡಿಕೊಂಡು ಒಂದು ತಾತ್ಕಾಲಿಕ ವಿಳಾಸ ಕೊಡುತ್ತದೆ, ಅಕೌಂಟ್ ಕೂಡ ಬೇಡ. ಪ್ರತಿ ಸಲ ಓಡಿಸಿದಾಗ ವಿಳಾಸ ಬದಲಾಗುತ್ತದೆ, ಆದ್ದರಿಂದ ಆಟಕ್ಕೆ ಐದು ನಿಮಿಷ ಮೊದಲು ಲಿಂಕ್ ಕಳಿಸಿ. ಫೌಂಡ್ರಿಯಲ್ಲಿ ಪ್ರತಿ ಆಟಗಾರರಿಗೂ ಪಾಸ್‌ವರ್ಡ್ ಇಡುವುದನ್ನು ಮರೆಯಬೇಡಿ, ಲಿಂಕ್ ಯಾರ ಕೈಗಾದರೂ ಸಿಗಬಹುದು. ರೂಟರ್‌ನ ಹಳೆಯ ಪೋರ್ಟ್ ಫಾರ್ವರ್ಡ್ ತೆಗೆದುಬಿಡಿ.

ನಕ್ಷೆಗಳು ದೊಡ್ಡ ಪಿಎನ್‌ಜಿ ಚಿತ್ರಗಳಾಗಿದ್ದರೆ ಗಾತ್ರ ಕಡಿಮೆಯಾಗುವ ಹಾಗೆ ವೆಬ್‌ಪಿ ಮಾಡಿ ಹಾಕಿ. ನಿಮ್ಮ ಮನೆಯ ಅಪ್‌ಲೋಡ್ ವೇಗದಲ್ಲೇ ನಾಲ್ಕೂ ಜನಕ್ಕೆ ಹೋಗಬೇಕಲ್ಲ. ಕರೆಂಟ್ ಹೋಗುವ ಬೀದಿಯಾದರೆ ರೂಟರ್‌ಗೆ ಒಂದು 12 ವೋಲ್ಟ್ ಮಿನಿ ಯುಪಿಎಸ್ ತಗೊಳ್ಳಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ಆಟ ನಿಲ್ಲುವುದು ರೂಟರ್ ಆರಿದ್ದಕ್ಕೆ.

ಘಟ್ಟದ_ದಾರಿ (ನವೆಂಬರ್ 18)

ಟನಲ್ ಕೆಲಸ ಮಾಡಿತು! ಬೆಂಗಳೂರಿನವನು ಆಫೀಸ್ ಬಸ್ಸಿನಲ್ಲಿ ಕೂತೇ ತೆರೆದು ನೋಡಿದ. ಆದರೆ ಅವನ ಫೋನಿನಲ್ಲಿ ಬಟನ್‌ಗಳೇ ಸರಿಯಾಗಿ ಕಾಣುತ್ತಿಲ್ಲ.

ಮೂವರಿಗೂ ಫೋನ್ ಮಾಡಿದೆ. ಡಬ್ಲಿನ್‌ನವಳು "ನಿಮಗೇ ಕೋಪ ಬಂದಿದೆ ಅಂದ್ಕೊಂಡಿದ್ದೆ ಕಣೋ" ಅಂದಳು. ನಾನು ಆಕೆಯ ಬಗ್ಗೆ, ಆಕೆ ನನ್ನ ಬಗ್ಗೆ ಹಾಗೇ ಅಂದುಕೊಂಡು ಎರಡು ವಾರ ಮಾತಾಡದೆ ಕಳೆದಿದ್ದೇವೆ.

ಹಳೇ_ದಾಳ ಸರ್, ಸರದಿಯ ಯೋಚನೆ ಎಲ್ಲರಿಗೂ ಒಪ್ಪಿಗೆ. ಆದರೆ ಪ್ರತಿ ಸಲ ಬೇರೆ ಬೇರೆಯವರು ಬಂದರೆ ಕಥೆ ಹೇಗೆ ನಿಲ್ಲುತ್ತದೆ? ನಮ್ಮದು ಘಟ್ಟದ ಮೇಲಿನ ಪಾಳೆಯಗಾರರ ಕಾಲದ ಹಾಳು ಕೋಟೆಯೊಂದನ್ನು ಹೊಕ್ಕುವ ಕಥೆ. ಕಳೆದ ಸಲ ಸುರಂಗದ ನಡುವೆ ನಿಲ್ಲಿಸಿದ್ದೇವೆ. ಸುರಂಗದಲ್ಲಿ ಇದ್ದವನು ಮುಂದಿನ ವಾರ ಇಲ್ಲ ಅಂದರೆ?

ಹಳೇ_ದಾಳ

ಅದಕ್ಕೆ ದಾರಿ ಇದೆ. ಬೆನ್ ರಾಬಿನ್ಸ್ ಅನ್ನುವವರು "ವೆಸ್ಟ್ ಮಾರ್ಚಸ್" ಅಂತ ಒಂದು ಆಟ ನಡೆಸಿದ್ದರು. ಅದರ ಕ್ರಮವನ್ನು 2007ರಲ್ಲಿ ಬರೆದಿಟ್ಟಿದ್ದಾರೆ. ನಿಗದಿಯಾದ ಗುಂಪಿಲ್ಲ, ನಿಗದಿಯಾದ ದಿನ ಇಲ್ಲ. ಯಾರು ಸಿಗುತ್ತಾರೋ ಅವರು ಹೊರಡುತ್ತಾರೆ, ಆಟ ಮುಗಿಯುವಷ್ಟರಲ್ಲಿ ಊರಿಗೆ ಮರಳಿರಬೇಕು. ನಾನು ನನ್ನ ಗುಂಪಿನಲ್ಲಿ ಉಳಿಸಿಕೊಂಡಿರುವುದು ಈ ಮರಳುವ ನಿಯಮ ಒಂದನ್ನೇ, ಅದೊಂದೇ ಸಾಕಾಗಿದೆ.

ನಿಮ್ಮ ಕಥೆಯಲ್ಲಿ ಘಟ್ಟದ ಬುಡಕ್ಕೆ ಒಂದು ಛತ್ರ ಕಟ್ಟಿ. ಪ್ರತಿ ಆಟ ಅಲ್ಲಿಂದ ಹೊರಟು ಅಲ್ಲಿಗೇ ಬಂದು ಮುಗಿಯಲಿ. ಬರದವರ ಪಾತ್ರ ಆ ದಿನ ಛತ್ರದಲ್ಲಿ ಉಳಿದಿದೆ, ಅಷ್ಟೇ. ಸಾಯಿಸುವುದು, ಜ್ವರ ಬರಿಸುವುದು, ಬೇರೆಯವರ ಕೈಗೆ ಕೊಟ್ಟು ಆಡಿಸುವುದು ಯಾವುದೂ ಬೇಡ. ಸುರಂಗದಲ್ಲಿರುವವರನ್ನು ಮುಂದಿನ ಸಲ ಮೊದಲ ಹತ್ತು ನಿಮಿಷದಲ್ಲೇ ಹೊರಗೆ ತನ್ನಿ.

ಆಟ ಎರಡೇ ಗಂಟೆ ಇರಲಿ. ಒಂದೂಮುಕ್ಕಾಲು ಗಂಟೆಯಾದಾಗ "ದೀಪದ ಎಣ್ಣೆ ಮುಗೀತಾ ಬಂತು" ಅಂತ ಹೇಳಿ. ಅವರೇ ಹೊರಡುತ್ತಾರೆ. ನಿಮ್ಮನ್ನೂ ಸೇರಿಸಿ ಮೂರು ಜನ ಇದ್ದರೆ ಆಡಿ, ಇಲ್ಲದಿದ್ದರೆ ಹಿಂದಿನ ದಿನವೇ ರದ್ದು ಮಾಡಿ. ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ಬೆಳಿಗ್ಗೆ ಏಳಕ್ಕೆ ಅಲಾರಂ ಇಟ್ಟು ಎದ್ದವನಿಗೆ ತುಂಬಾ ಬೇಜಾರಾಗುತ್ತದೆ.

ಆಟ ತಪ್ಪಿದವರಿಗೆ ಒಂದು ಕೆಲಸ ಕೊಡಿ. ಡಿಸ್ಕಾರ್ಡ್‌ನಲ್ಲಿ "ಛತ್ರದ ಜಗಲಿ" ಅಂತ ಒಂದು ಚಾನೆಲ್ ಮಾಡಿ. ಆ ವಾರ ಉಳಿದ ಪಾತ್ರ ಅಲ್ಲಿ ಏನು ಮಾಡಿತು, ಯಾರ ಹತ್ತಿರ ಏನು ಕೇಳಿಸಿಕೊಂಡಿತು, ಅವರೇ ನಾಲ್ಕು ಸಾಲು ಬರೆಯಲಿ. ಅದರಲ್ಲಿ ಒಂದನ್ನಾದರೂ ಮುಂದಿನ ಆಟಕ್ಕೆ ನೀವು ನಿಜವಾಗಿ ಬಳಸಬೇಕು. ಬಳಸದಿದ್ದರೆ ಎರಡನೇ ಸಲ ಯಾರೂ ಬರೆಯುವುದಿಲ್ಲ.

ಫೌಂಡ್ರಿಯನ್ನು ಫೋನಿಗಾಗಿ ಮಾಡಿಲ್ಲ. ಬೆಂಗಳೂರಿನವರು ಬಸ್ಸಿನಲ್ಲಿರುವ ದಿನ ಮಾತಿನಲ್ಲಷ್ಟೇ ಆಡಲಿ, ಟೋಕನ್ (ನಕ್ಷೆಯ ಮೇಲೆ ಪಾತ್ರದ ಕಾಯಿ) ನೀವು ಸರಿಸಿ. ಎಲ್ಲರೂ ಫೋನಿನವರೇ ಆದರೆ ಔಲ್‌ಬೇರ್ ರೋಡಿಯೊ ಅನ್ನೋ ಸೈಟ್ ಸಾಕು. ನಕ್ಷೆ, ಟೋಕನ್ ಅಷ್ಟೇ ಇರುತ್ತದೆ, ಹಗುರ.

ಎಲೆ_ಅಡಿಕೆ, ಸಿಂಗಪುರ (ನವೆಂಬರ್ 19)

ನಮ್ಮದೂ ಇಂಥದ್ದೇ ಗುಂಪು. ಎರಡು ವಿಷಯ ಸೇರಿಸುತ್ತೇನೆ.

ದೂರ ಜಾಸ್ತಿ ಇದ್ದರೆ ಧ್ವನಿ ತಡವಾಗಿ ತಲುಪುತ್ತದೆ. ಕ್ಯಾಲಿಫೋರ್ನಿಯಾದಿಂದ ಭಾರತಕ್ಕೆ ಹೋಗಿ ಬರಲು ಕಾಲು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಅಷ್ಟರಲ್ಲಿ ಇಬ್ಬರು ಒಟ್ಟಿಗೆ ಮಾತು ಶುರು ಮಾಡಿ, ಇಬ್ಬರೂ ನಿಲ್ಲಿಸಿ, "ನೀನು ಹೇಳು, ಇಲ್ಲ ನೀನು ಹೇಳು" ಅಂತಾಗುತ್ತದೆ. ಆಟ ನಡೆಸುವವರು ಪಾತ್ರದ ಹೆಸರು ಹಿಡಿದು ಕೇಳಬೇಕು. ಕೇಳಿ ಎರಡು ಸೆಕೆಂಡ್ ಕಾಯಬೇಕು. ಸುಮ್ಮನೆ "ಏನ್ ಮಾಡ್ತೀರಾ?" ಅಂತ ಎಲ್ಲರನ್ನೂ ಒಟ್ಟಿಗೆ ಕೇಳಬೇಡಿ. ಮತ್ತೆ, ಪ್ರತಿಯೊಬ್ಬರೂ ಇಯರ್‌ಫೋನ್ ಹಾಕಿಕೊಳ್ಳಲೇಬೇಕು.

ಇನ್ನೊಂದು, ಕನ್ನಡದಲ್ಲೇ ಆಡಿ. ನಾವು ಮೊದಲು ಪುಸ್ತಕದ ಇಂಗ್ಲಿಷ್‌ನಲ್ಲಿ ಆಡುತ್ತಿದ್ದೆವು, ಎಲ್ಲರೂ ಮೀಟಿಂಗ್‌ನಲ್ಲಿ ಕೂತ ಹಾಗೆ ಮಾತಾಡುತ್ತಿದ್ದೆವು. ಕನ್ನಡಕ್ಕೆ ಬಂದ ದಿನ ನಮ್ಮ ಕಳ್ಳನ ಪಾತ್ರ ಮಾಡುವವರು ಕಾವಲುಗಾರನ ಹತ್ತಿರ "ಅಣ್ಣಾ, ಒಂದ್ಚೂರು ಸುಣ್ಣ ಐತಾ?" ಅಂತ ಕೇಳಿ ಮಾತಿಗೆಳೆದರು. ದಾಳವೇ ಬೇಕಾಗಲಿಲ್ಲ. ಪದಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಚೌಕಾಬಾರದ ಹಾಗೆ "ಗರ ಎಷ್ಟು ಬಿತ್ತು?" ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಸ್ಪೆಲ್, ಲೆವೆಲ್ ಹಾಗೇ ಇರಲಿ.

ಡಿ ಅಂಡ್ ಡಿಯ ಮೂಲ ನಿಯಮಗಳ ದಾಖಲೆ ಎಸ್‌ಆರ್‌ಡಿ 5.1 ಇದೆಯಲ್ಲ, ಅದು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲದ ಹೆಸರು ಹಾಕಿ ಕನ್ನಡದಲ್ಲಿ ಒಂದು ಪುಟದ ನಿಯಮ ಬರೆದು ಯಾರಿಗೆ ಬೇಕಾದರೂ ಹಂಚಬಹುದು. ನೀವು ಬರೆದರೆ ದಯವಿಟ್ಟು ಇಲ್ಲೂ ಹಾಕಿ.

ಘಟ್ಟದ_ದಾರಿ (ಡಿಸೆಂಬರ್ 14)

ನವೆಂಬರ್ 29, ಡಿಸೆಂಬರ್ 7 ಮತ್ತು ಇವತ್ತು, ಮೂರೂ ಹೊತ್ತು ಒಂದೊಂದು ಸಲ ಆಡಿ ಆಯಿತು. ಯಾರೂ ತಡ ಮಾಡಲಿಲ್ಲ.

ಡಿಸೆಂಬರ್ 7ರ ಬೆಳಿಗ್ಗೆ ಆಟದ ನಡುವೆ ನಮ್ಮ ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿತು. ನಾನು ಗಡಿಬಿಡಿಯಲ್ಲಿ ಮ್ಯೂಟ್ ಮಾಡಲು ಹೋದೆ. ಸ್ಯಾನ್ ಹೋಸೆಯವನು "ಬೇಡ ಕಣೋ, ಇರ್ಲಿ ಬಿಡು" ಅಂದ. ಇನ್ನೂ ಎರಡು ಸೀಟಿ ಆಗುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮೆಲ್ಬರ್ನ್‌ನವನು "ನನ್ನ ಗರ ಹದಿನೇಳು" ಅಂದ, ಆಟ ಮುಂದುವರಿಯಿತು.

ಇವತ್ತು ಸ್ಯಾನ್ ಹೋಸೆಯವನು ಇರಲಿಲ್ಲ. ಅವನ ಪಾತ್ರ ಛತ್ರದಲ್ಲಿ ಕೂತು ಒಂದು ಓಲೆ ಬರೆದಿಟ್ಟಿತ್ತು. ಕೋಟೆಯಲ್ಲಿ ಹಿಂದೆ ಕಾವಲಿದ್ದ ಅಜ್ಜನೊಬ್ಬ ಊಟಕ್ಕೆ ಬಂದಿದ್ದನಂತೆ, ಎರಡನೇ ಬಾಗಿಲಿನ ಅಗುಳಿ ಹೊರಗಿನಿಂದಲೂ ತೆಗೆಯಬಹುದು ಅಂದನಂತೆ. ಅದನ್ನು ಡಬ್ಲಿನ್‌ನವಳು ಆಟದ ಮೊದಲಿಗೆ ಜೋರಾಗಿ ಓದಿದಳು. ನಾನು ಆ ಬಾಗಿಲನ್ನು ಒಡೆದೇ ತೆಗೆಯಬೇಕು ಅಂತ ಇಟ್ಟಿದ್ದೆ, ಅಲ್ಲೇ ಬದಲಿಸಿದೆ.

ಕನ್ನಡದ ನಿಯಮಪುಟ ಅರ್ಧ ಆಗಿದೆ, ಮುಗಿದ ಮೇಲೆ ಇಲ್ಲಿ ಹಾಕುತ್ತೇನೆ. ಮಿನಿ ಯುಪಿಎಸ್ ಬಂತು. ಮುಂದಿನ ವರ್ಷ ಗಡಿಯಾರ ಬದಲಾಗುವ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿದ್ದೇನೆ: ಮಾರ್ಚ್ 8 ಸ್ಯಾನ್ ಹೋಸೆ, ಮಾರ್ಚ್ 29 ಡಬ್ಲಿನ್, ಏಪ್ರಿಲ್ 5 ಮೆಲ್ಬರ್ನ್. ತಪ್ಪಿದ್ದರೆ ತಿದ್ದಿ.

ಮುಂದಿನ ಆಟ 27ನೇ ತಾರೀಕು, ಶನಿವಾರ ರಾತ್ರಿ ಎಂಟೂವರೆ. ಅಗುಳಿ ತೆಗೆದಾಗಿದೆ, ಬಾಗಿಲನ್ನು ಇನ್ನೂ ತಳ್ಳಿಲ್ಲ.